ವಿಕಟಕವಿ ತಿರುಗಿಸಿದ್ರೂ ವಿಕಟಕವಿಯೇ ಅಲ್ವಾ? ಪೈಥಾನ್ ಯಾಕೆ ಒಪ್ತಿಲ್ಲ?

ಹೊಸಹೆಜ್ಜೆ
ಎಲ್ಲರಿಗೂ ನಮಸ್ಕಾರ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಈಗಷ್ಟೇ ಕಲೀತಿದ್ದೀನಿ. ಹಿಂದಿನಿಂದ ಓದಿದ್ರೂ ಮುಂದಿನಿಂದ ಓದಿದ್ರೂ ಒಂದೇ ಥರ ಇರೋ ಪದವನ್ನ ಗುರುತಿಸೋ ಪ್ರೋಗ್ರಾಂ ಬರೆದೆ. ಕೆಲಸ ಮಾಡ್ತಿಲ್ಲ. ಎಷ್ಟು ನೋಡಿದ್ರೂ ಎಲ್ಲಾ ಸರಿಯಾಗೇ ಕಾಣುತ್ತೆ. ಸ್ಕ್ರೀನ್ ಫೋಟೋ ಹಾಕಿದ್ದೀನಿ, ದಯವಿಟ್ಟು ಯಾರಾದ್ರೂ ನೋಡಿ. ಇಷ್ಟು ಸಣ್ಣದನ್ನ ಇಲ್ಲಿ ಕೇಳಬಹುದೋ ಇಲ್ವೋ ಗೊತ್ತಿಲ್ಲ.

ಸಾಲುಸಾಲು
ಧಾರಾಳವಾಗಿ ಕೇಳಿ. ಸಣ್ಣ ಪ್ರಶ್ನೆ ಅಂತ ಇಲ್ಲಿ ಯಾರೂ ಮೂಗು ಮುರಿಯಲ್ಲ. ಆದ್ರೆ "ಕೆಲಸ ಮಾಡ್ತಿಲ್ಲ" ಅನ್ನೋದು ಓದಿದವರಿಗೆ ಏನೂ ಹೇಳಲ್ಲ. ಪ್ರೋಗ್ರಾಂ ಶುರುವೇ ಆಗದೆ ಇರಬಹುದು. ಶುರುವಾಗಿ ಮಧ್ಯದಲ್ಲಿ ಎರರ್ ಕೊಟ್ಟು ನಿಂತಿರಬಹುದು. ಇಲ್ಲಾ ಕೊನೆವರೆಗೂ ಓಡಿ ತಪ್ಪು ಉತ್ತರ ಕೊಡ್ತಿರಬಹುದು. ಈ ಮೂರಕ್ಕೂ ಹುಡುಕೋ ಜಾಗ ಬೇರೆ ಬೇರೆ.

ನೀವು ಯಾವ ಪದ ಕೊಟ್ರಿ, ಏನು ಬರಬೇಕಿತ್ತು, ಏನು ಬಂತು, ಇಷ್ಟು ಬರೀರಿ. ಎರರ್ ಬಂದಿದ್ರೆ ಅದನ್ನ ಕೊನೇ ಸಾಲಿನವರೆಗೂ ಹಾಗೇ ಅಂಟಿಸಿ. ಫೋಟೋ ಬೇಡ, ಕೋಡನ್ನ ಪಠ್ಯವಾಗಿ ಹಾಕಿ. ಫೋಟೋದಲ್ಲಿರೋದನ್ನ ಕಾಪಿ ಮಾಡಿ ಓಡಿಸಿ ನೋಡೋಕಾಗಲ್ಲ. ನಿಮ್ಮದು ಕನ್ನಡ ಪಠ್ಯ ಬೇರೆ. ಕಣ್ಣಿಗೆ ಒಂದೇ ಥರ ಕಾಣೋ ಎರಡು ಪದ ಒಳಗೆ ಬೇರೆ ಬೇರೆ ಇರೋದು ಇದರಲ್ಲಿ ಮಾಮೂಲು, ಫೋಟೋ ಅದನ್ನ ತೋರಿಸಲ್ಲ.

ಹೊಸಹೆಜ್ಜೆ
ಸರಿ ಸರ್ ಅಥವಾ ಮೇಡಂ, ಬರೀತೀನಿ. ಎರರ್ ಏನೂ ಬರಲ್ಲ, ಉತ್ತರ ತಪ್ಪು ಬರುತ್ತೆ. ವೇರಿಯೇಬಲ್ ಹೆಸರುಗಳನ್ನ ಕನ್ನಡದಲ್ಲೇ ಇಟ್ಟಿದ್ದೀನಿ. ಮುಖ್ಯವಾದ ಸಾಲು ಎರಡೇ:

ತಿರುವು = ಪದ[::-1]
ಉತ್ತರ = (ಪದ == ತಿರುವು)

ಕನಕ, ನಯನ, ಜಲಜ ಕೊಟ್ರೆ ಹೌದು ಅನ್ನುತ್ತೆ. ಪುಸ್ತಕ ಕೊಟ್ರೆ ಅಲ್ಲ ಅನ್ನುತ್ತೆ. ಇವೆಲ್ಲ ಸರಿ. ಆದ್ರೆ ಸಮಾಸ, ನವಜೀವನ, ವಿಕಟಕವಿ, ಈ ಮೂರಕ್ಕೂ ಹೌದು ಬರಬೇಕಿತ್ತು, ಅಲ್ಲ ಅಂತ ಬರ್ತಿದೆ. ಇಂಗ್ಲಿಷ್ ಪದ ಯಾವುದು ಕೊಟ್ರೂ ಸರಿಯಾಗಿದೆ. ವಿಕಟಕವಿಗೆ ತಿರುವನ್ನ ಪ್ರಿಂಟ್ ಮಾಡಿ ನೋಡಿದೆ, ಪದದ ಶುರುವಲ್ಲಿ ಚುಕ್ಕೆ ಚುಕ್ಕೆಯ ಒಂದು ಸೊನ್ನೆ ಕಾಣುತ್ತೆ.

ಸಾಲುಸಾಲು
ಪ್ರಶ್ನೆ ಅಂದ್ರೆ ಇದು. ಸರಿ ಬರೋ ಪದ, ತಪ್ಪು ಬರೋ ಪದ ಎರಡನ್ನೂ ಕೊಟ್ಟಿದ್ದೀರಿ, ಅರ್ಧ ದಾರಿ ಅಲ್ಲೇ ಸವೆಯಿತು. ಕೋಡ್‌ನಲ್ಲಿ ನೀವು ಬರೆದಿರೋ ತರ್ಕ ಸರಿಯಾಗೇ ಇದೆ. ಪೈಥಾನ್ ಏನನ್ನ "ಒಂದು ಅಕ್ಷರ" ಅಂದ್ಕೊಂಡಿದೆ ಅನ್ನೋದನ್ನ ನೋಡಬೇಕು. ಮುಂದಿನದು ಚುಕ್ಕಿಗೆರೆ ಅವರ ಕ್ಷೇತ್ರ, ಬರ್ತಾರೆ.

ಚುಕ್ಕಿಗೆರೆ
ಬಂದೆ. ಉತ್ತರ ಹೇಳೋ ಮುಂಚೆ ಒಂದು ಕೆಲಸ ಮಾಡಿ. ಸರಿ ಬಂದ ಮೂರು ಪದ ಮತ್ತು ತಪ್ಪು ಬಂದ ಮೂರು ಪದ ಪಕ್ಕ ಪಕ್ಕ ಬರೆದು, ಏನು ವ್ಯತ್ಯಾಸ ಅಂತ ನೋಡಿ. ಆಮೇಲೆ ವಿಕಟಕವಿ ಪದದ ಮೇಲೆ ಒಂದು ಫಾರ್ ಲೂಪ್ ಹಾಕಿ, ಪ್ರತಿ ಸುತ್ತಿನಲ್ಲೂ ಸಿಕ್ಕ ಅಕ್ಷರಕ್ಕೆ ಆರ್ಡ್ ಫಂಕ್ಷನ್ ಕರೆದು ನಂಬರ್ ಪ್ರಿಂಟ್ ಮಾಡಿ ಇಲ್ಲಿ ಹಾಕಿ.

ಹೊಸಹೆಜ್ಜೆ
ಹಾಕಿದೆ. ಬಂದಿದ್ದು ಹೀಗೆ:

3253, 3263, 3221, 3231, 3221, 3253, 3263

ಐದಕ್ಷರದ ಪದಕ್ಕೆ ಏಳು ನಂಬರ್ ಬಂದಿದೆ! 3221 ಎರಡು ಸಲ ಇದೆ, ಅದು ಕ ಇರಬೇಕು. ಹಾಗಾದ್ರೆ 3253 ವ, 3263 ಗುಡಿಸು?

ವ್ಯತ್ಯಾಸನೂ ಗೊತ್ತಾಯ್ತು ಅನ್ಸುತ್ತೆ. ಕನಕ, ನಯನ, ಜಲಜದಲ್ಲಿ ಗುಣಿತವೇ ಇಲ್ಲ. ತಪ್ಪು ಬರೋ ಮೂರರಲ್ಲೂ ಇಳಿಯೋ ಗುಡಿಸೋ ಇದೆ.

ಚುಕ್ಕಿಗೆರೆ
ನೀವೇ ಹಿಡಿದ್ರಿ, ಶಭಾಷ್. ಈಗ ಆ ಏಳು ನಂಬರ್‌ಗಳನ್ನ ಕೊನೆಯಿಂದ ಬರೀರಿ:

3263, 3253, 3221, 3231, 3221, 3263, 3253

ಮೊದಲು ಗುಡಿಸು, ಆಮೇಲೆ ವ. ಗುಡಿಸು ಯಾವಾಗಲೂ ತನಗಿಂತ ಹಿಂದಿರೋ ವ್ಯಂಜನಕ್ಕೆ ಅಂಟ್ಕೊಳ್ಳುತ್ತೆ. ಇಲ್ಲಿ ಅದರ ಹಿಂದೆ ಏನೂ ಇಲ್ಲ, ಅದಕ್ಕೇ ಸ್ಕ್ರೀನ್ ಮೇಲೆ ಚುಕ್ಕೆ ಸೊನ್ನೆ ಬಂದಿದ್ದು. "ಇಲ್ಲೊಂದು ಅಕ್ಷರ ಇರಬೇಕಿತ್ತು" ಅಂತ ಅದರ ಅರ್ಥ. ಕೊನೇ ಕಡೆ ಇದ್ದ ಇನ್ನೊಂದು ಗುಡಿಸು ಹೋಗಿ ಪಕ್ಕದ ಕಗೆ ಅಂಟಿದೆ, ಅಲ್ಲಿ ಕಿ ಕಾಣುತ್ತೆ ನೋಡಿ.

ಸ್ವಲ್ಪ ಹಿನ್ನೆಲೆ. ಬೇರೆ ಬೇರೆ ಲಿಪಿಗಳ ಅಕ್ಷರಗಳಿಗೆ ನಂಬರ್ ಕೊಡೋ ಪದ್ಧತಿ ಯೂನಿಕೋಡ್. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಜಾಗ ಕೊಟ್ಟಿದ್ದಾರೆ, 3200ರಿಂದ 3327ರವರೆಗೆ. ಸ್ವರ, ವ್ಯಂಜನ, ಗುಣಿತದ ಗುರುತು, ಹಲಂತ (ಸ ಅನ್ನ ಸ್ ಮಾಡೋ ಗುರುತು) ಎಲ್ಲಕ್ಕೂ ಅದರೊಳಗೆ ಒಂದೊಂದು ನಂಬರ್. ಆದ್ರೆ ವಿ, ಸ್ತ, ತ್ರ್ಯ ಇಂಥವಕ್ಕೆ ಸ್ವಂತ ನಂಬರ್ ಇಲ್ಲ, ಬಿಡಿ ಗುರುತುಗಳನ್ನ ಸಾಲಾಗಿಟ್ಟು ಅವನ್ನ ಕಟ್ಟಬೇಕು. ಜೋಡಿಸಿ ತೋರಿಸೋ ಕೆಲಸ ಫಾಂಟ್‌ದು. ಪೈಥಾನ್‌ನ ಸ್ಟ್ರಿಂಗ್‌ಗೆ, ಅಂದ್ರೆ ಅದು ಪಠ್ಯವನ್ನ ಇಟ್ಕೊಳ್ಳೋ ರೂಪಕ್ಕೆ, ಕಾಣೋದು ನಂಬರ್‌ಗಳ ಸಾಲು ಮಾತ್ರ. ಈ ನಂಬರ್‌ಗಳಿಗೆ ಕೋಡ್ ಪಾಯಿಂಟ್ ಅಂತಾರೆ. ಉದ್ದ ಹೇಳೋ ಲೆನ್ ಫಂಕ್ಷನ್ ಎಣಿಸೋದೂ ಅವನ್ನೇ, ಸ್ಲೈಸ್ (ನೀವು ಬರೆದ [::-1]) ತಿರುಗಿಸೋದೂ ಅವನ್ನೇ.

ವಿಷಯದಿಂದ ಸ್ವಲ್ಪ ಆಚೆ, ಆದ್ರೂ ನನಗೆ ಇಷ್ಟವಾದ ಸಂಗತಿ: ಭಾರತೀಯ ಲಿಪಿಗಳ ಈ ಜೋಡಣೆ 1988ರ ಇಸ್ಕಿ ಸಂಕೇತ ಪದ್ಧತಿಯನ್ನ ಅನುಸರಿಸಿದ್ದು. ಹಾಗಾಗಿ ತೆಲುಗಿನ ಕ 3093, ಕನ್ನಡದ ಕ 3221, ಅಂತರ ಸರಿಯಾಗಿ 128. ಬೇರೆ ವ್ಯಂಜನಗಳನ್ನೂ ಹಾಗೇ ಹೋಲಿಸಿ ನೋಡಿ.

ಬಿಟ್‌ಬೈಟ್
ಇಷ್ಟೆಲ್ಲ ಯಾಕೆ? ಪೈಥಾನ್‌ಗೆ ರೆಜೆಕ್ಸ್ ಅನ್ನೋ ಹೊರಗಿನ ಲೈಬ್ರರಿ ಇದೆ. ಅದರಲ್ಲಿ ಬ್ಯಾಕ್‌ಸ್ಲ್ಯಾಶ್ ಮತ್ತು ದೊಡ್ಡ ಎಕ್ಸ್ ಕೊಟ್ರೆ ಪದವನ್ನ ಓದುಗರ ಕಣ್ಣಿಗೆ ಕಾಣೋ ತುಂಡುಗಳಾಗಿ ಒಡೆದುಕೊಡುತ್ತೆ. ಆ ಲಿಸ್ಟ್ ತಿರುಗಿಸಿ ಹೋಲಿಸಿ. ಎರಡು ಸಾಲಲ್ಲಿ ಕೆಲಸ ಆಯ್ತು.

ಸಾಲುಸಾಲು
ಬಿಟ್‌ಬೈಟ್ ಅವರೇ, ಕೆಲಸದಲ್ಲಿ ಇರೋರಿಗೆ ನಾನೂ ಅದನ್ನೇ ಹೇಳ್ತಿದ್ದೆ. ಆದ್ರೆ ಕೇಳಿರೋರು ಕಲಿಯೋಕೆ ಬಂದವರು. ಏಳು ನಂಬರ್ ಯಾಕೆ ಬಂತು ಅಂತ ಅವರು ಈಗ ತಾನೇ ಸ್ವಂತ ಕಣ್ಣಲ್ಲಿ ನೋಡಿದ್ದಾರೆ. ಒಂದು ಲೂಪ್ ಬರೆಯೋ ಅವಕಾಶ ಮುಂದಿದೆ, ಅದನ್ನ ನಾವೇ ಬರೆದುಕೊಟ್ರೆ ಅವರಿಗೆ ನಷ್ಟ.

ಬಿಟ್‌ಬೈಟ್
ಒಪ್ಪಲ್ಲ. ನಾನು ಕಲಿತಿದ್ದೇ ಬೇರೆಯವರು ಪೂರ್ತಿ ಬರೆದ ಕೋಡ್ ಓದಿ, ಒಂದೊಂದು ಸಾಲು ಕೆಡಿಸಿ, ಏನಾಗುತ್ತೆ ಅಂತ ನೋಡಿ. ಉತ್ತರ ನೋಡಿದ ಮೇಲೆ ಕಲಿಕೆ ನಿಂತುಹೋಗುತ್ತೆ ಅನ್ನೋದು ಎಲ್ಲರ ವಿಷಯದಲ್ಲೂ ನಿಜ ಅಲ್ಲ. ಕೇಳಿದವರಿಗೆ ಏನು ಬೇಕು ಅಂತ ಅವರನ್ನೇ ಕೇಳೋಣ.

ಚುಕ್ಕಿಗೆರೆ
ನ್ಯಾಯವಾದ ಮಾತು. ಬಿಟ್‌ಬೈಟ್ ಹೇಳಿದ ದಾರಿಯಲ್ಲಿ ಒಂದು ಎಚ್ಚರಿಕೆ ಮಾತ್ರ. ಗುಣಿತವನ್ನ ಅದು ಚೆನ್ನಾಗಿ ಹಿಡಿಯುತ್ತೆ, ಆದ್ರೆ ಆವೃತ್ತಿ ನೋಡಿಕೊಂಡು ಒತ್ತಕ್ಷರವನ್ನ ಎರಡು ತುಂಡು ಮಾಡಬಹುದು. ಪುಸ್ತಕದಲ್ಲಿ ಸ್ ಒಂದು ಕಡೆ, ತ ಒಂದು ಕಡೆ. ಕನ್ನಡ ಓದೋರಿಗೆ ಸ್ತ ಒಂದೇ ಅಕ್ಷರ. ಲೈಬ್ರರಿ ಕೊಟ್ಟಿದ್ದನ್ನ ಒಮ್ಮೆ ಪ್ರಿಂಟ್ ಮಾಡಿ ನೋಡದೆ ನಂಬಬೇಡಿ.

ಹೊಸಹೆಜ್ಜೆ
ನನಗೆ ನಾನೇ ಬರೀಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ ಅಂತ ಮಾತ್ರ ಹೇಳಿ.

ಚುಕ್ಕಿಗೆರೆ
ಒಂದು ಖಾಲಿ ಲಿಸ್ಟ್ ಇಟ್ಕೊಳ್ಳಿ. ಪದದ ಮೇಲೆ ಲೂಪ್ ಹೋಗಲಿ. ಸಿಕ್ಕಿದ್ದು ಸ್ವರ ಅಥವಾ ವ್ಯಂಜನ ಆದ್ರೆ ಲಿಸ್ಟ್‌ಗೆ ಹೊಸ ತುಂಡಾಗಿ ಸೇರಿಸಿ. ಗುಣಿತದ ಗುರುತು, ಹಲಂತ, ಅನುಸ್ವಾರ, ವಿಸರ್ಗ ಆದ್ರೆ ಕೊನೇ ತುಂಡಿಗೇ ಅಂಟಿಸಿ. ಯಾವುದು ಗುರುತು, ಯಾವುದು ಅಕ್ಷರ ಅಂತ ತಿಳಿಯೋಕೆ ಪೈಥಾನ್ ಜೊತೆಗೇ ಬರೋ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ಕೆಟಗರಿ ಅನ್ನೋ ಫಂಕ್ಷನ್ ಇದೆ. ಅದು ಎರಡಕ್ಷರದ ಸಂಕೇತ ಕೊಡುತ್ತೆ. ಸಂಕೇತ ಎಂ ಇಂದ ಶುರುವಾದ್ರೆ ಗುರುತು, ಎಲ್ ಇಂದ ಶುರುವಾದ್ರೆ ಅಕ್ಷರ. ಕೊನೆಗೆ ಸ್ಟ್ರಿಂಗ್ ಬದಲು ಲಿಸ್ಟನ್ನ ತಿರುಗಿಸಿ ಹೋಲಿಸಿ. ಸ್ಲೈಸ್ ಲಿಸ್ಟ್ ಮೇಲೂ ಅದೇ ಥರ ಕೆಲಸ ಮಾಡುತ್ತೆ.

ಹೊಸಹೆಜ್ಜೆ
ವಿಕಟಕವಿಗೆ ಹೌದು ಬಂತು!! ಸಮಾಸ, ನವಜೀವನನೂ ಬಂತು. ತುಂಬಾ ಖುಷಿ ಆಯ್ತು, ಎಲ್ಲರಿಗೂ ಧನ್ಯವಾದ.

ಒಂದೇ ಒಂದು ಕೊರತೆ. ಪುಸ್ತಕದ ತುಂಡುಗಳನ್ನ ಪ್ರಿಂಟ್ ಮಾಡಿದ್ರೆ ಪು, ಸ್, ತ, ಕ ಅಂತ ನಾಲ್ಕು ಬರುತ್ತೆ. ಚುಕ್ಕಿಗೆರೆ ಅವರು ಹೇಳಿದ ಒತ್ತಕ್ಷರದ ತೊಂದರೆ ಇದೇ ಇರಬೇಕು. ಹಾಗಾಗಿ ಹಿಂದಿನ ತುಂಡು ಹಲಂತದಲ್ಲಿ ಮುಗಿದಿದ್ರೆ ಹೊಸ ಅಕ್ಷರವನ್ನೂ ಅದಕ್ಕೇ ಅಂಟಿಸಬೇಕು ಅಂತ ಈ ಪರೀಕ್ಷೆ ಸೇರಿಸಿದೆ:

ತುಂಡುಗಳು[-1][-1] == ಹಲಂತ

ಹಲಂತ ಅನ್ನೋ ವೇರಿಯೇಬಲ್‌ನಲ್ಲಿ 3277ನೇ ಕೋಡ್ ಪಾಯಿಂಟ್ ಇಟ್ಟಿದ್ದೀನಿ. ಈಗ ಯಾವ ಪದ ಕೊಟ್ರೂ ನಿಂತುಹೋಗುತ್ತೆ, ಕನಕಕ್ಕೂ ಕೂಡ. ಕೊನೇ ಸಾಲು: "ಇಂಡೆಕ್ಸ್‌ಎರರ್: ಲಿಸ್ಟ್ ಇಂಡೆಕ್ಸ್ ಔಟ್ ಆಫ್ ರೇಂಜ್". ಅದರ ಮೇಲಿನ ಸಾಲು ಈ ಪರೀಕ್ಷೆಯನ್ನೇ ತೋರಿಸ್ತಿದೆ.

ಸಾಲುಸಾಲು
ಎರರ್ ಅನ್ನ ಕೊನೇ ಸಾಲಿಂದ ಮೇಲಕ್ಕೆ ಓದಿದ್ದೀರಿ, ಸರಿಯಾದ ಕ್ರಮ. ಪೈಥಾನ್‌ನಲ್ಲಿ ಏನು ಕೆಟ್ಟಿತು ಅನ್ನೋದು ಕೊನೇ ಸಾಲಲ್ಲಿ, ಎಲ್ಲಿ ಕೆಟ್ಟಿತು ಅನ್ನೋದು ಅದರ ಮೇಲೆ ಇರುತ್ತೆ. ತುಂಬಾ ಜನ ಮೊದಲ ಸಾಲು ನೋಡಿ ಗಾಬರಿಯಾಗಿ ಬಿಟ್ಟುಬಿಡ್ತಾರೆ. 2022ರಲ್ಲಿ ಬಂದ 3.11 ಆವೃತ್ತಿಯಿಂದ ಸಾಲಿನ ಯಾವ ಭಾಗದಲ್ಲಿ ಎಡವಿತು ಅಂತ ಅಡಿಯಲ್ಲಿ ಗುರುತು ಹಾಕಿ ತೋರಿಸುತ್ತೆ. ಹಳೇ ಆವೃತ್ತಿ ಇದ್ರೆ ಬದಲಾಯಿಸಿ, ಕಲಿಯೋರಿಗೆ ಬಹಳ ಅನುಕೂಲ.

ಈಗ ಕನಕದ ಮೊದಲ ಕ ಲೂಪ್‌ಗೆ ಬಂದ ಕ್ಷಣ ಯೋಚನೆ ಮಾಡಿ. ಆಗ ಲಿಸ್ಟ್‌ನಲ್ಲಿ ಏನಿದೆ?

ಹೊಸಹೆಜ್ಜೆ
ಏನೂ ಇಲ್ಲ. ಖಾಲಿ. ಖಾಲಿ ಲಿಸ್ಟ್‌ನ ಕೊನೇದು ಕೊಡು ಅಂತ ಕೇಳ್ತಿದ್ದೀನಿ! ಹಾಗಾದ್ರೆ ಮೊದಲು ಲಿಸ್ಟ್ ಖಾಲಿನಾ ಅಂತ ನೋಡಿ, ಆಮೇಲೆ ಇದನ್ನ ಕೇಳಬೇಕು. ಅದಕ್ಕೆ ಒಳಗೆ ಇನ್ನೊಂದು ಇಫ್ ಬೇಕಾ?

ಸಾಲುಸಾಲು
ಬೇಡ. ಎರಡು ಪರೀಕ್ಷೆಗಳ ನಡುವೆ ಆಂಡ್ ಹಾಕಿ, ಲಿಸ್ಟ್ ಹೆಸರನ್ನ ಎಡಗಡೆ ಇಡಿ. ಖಾಲಿ ಲಿಸ್ಟ್ ಪೈಥಾನ್‌ಗೆ ಸುಳ್ಳಿಗೆ ಸಮ. ಆಂಡ್‌ನ ಎಡಗಡೆ ಸುಳ್ಳಾದ್ರೆ ಬಲಗಡೆಯನ್ನ ಅದು ಮುಟ್ಟೋದೇ ಇಲ್ಲ, ಹಾಗಾಗಿ ಎರರ್‌ಗೆ ಅವಕಾಶವೇ ಇಲ್ಲ. ಕ್ರಮ ಅದಲು ಬದಲಾದ್ರೆ ಮತ್ತೆ ಅದೇ ಎರರ್ ಬರುತ್ತೆ. ಬೇಕಂತಲೇ ಒಮ್ಮೆ ಅದಲು ಬದಲು ಮಾಡಿ ನೋಡಿ, ಮನಸ್ಸಲ್ಲಿ ಕೂತುಬಿಡುತ್ತೆ.

ಹೊಸಹೆಜ್ಜೆ
ಮಾಡಿ ನೋಡಿದೆ, ಹೇಳಿದ ಹಾಗೇ ಆಯ್ತು. ಈಗ ಪುಸ್ತಕ: ಪು, ಸ್ತ, ಕ. ಸ್ವಾತಂತ್ರ್ಯ ಕೊಟ್ಟೆ, ಹನ್ನೊಂದು ಕೋಡ್ ಪಾಯಿಂಟ್, ತುಂಡು ಮೂರೇ: ಸ್ವಾ, ತಂ, ತ್ರ್ಯ.

ಮಳೆಬಿಲ್ಲು
ಕ್ಷಮಿಸಿ, ನಡುವೆ ಬರ್ತಿದ್ದೀನಿ. ಇದೇ ಪ್ರೋಗ್ರಾಂ ನಾನೂ ಬರೆದೆ, ತುಂಡು ಮಾಡೋದೂ ಸರಿ ಇದೆ. ಆದ್ರೆ ಪದಗಳನ್ನ ಫೈಲ್‌ನಿಂದ ಸಾಲಿಗೊಂದರಂತೆ ಓದ್ತೀನಿ. ಕೀಬೋರ್ಡ್‌ನಲ್ಲಿ ಕೊಟ್ರೆ ಕನಕ ಹೌದು, ಫೈಲ್‌ನಿಂದ ಬಂದ್ರೆ ಕನಕ ಅಲ್ಲ. ಫೈಲ್‌ನ ಕೊನೇ ಪದ ಮಾತ್ರ ಸರಿ ಬರುತ್ತೆ.

ಸಾಲುಸಾಲು
ಮಳೆಬಿಲ್ಲು ಅವರೇ, ಆ ಕೊನೇ ವಾಕ್ಯ ಬರೆದಿದ್ದು ಒಳ್ಳೇದಾಯ್ತು, ಗುಟ್ಟು ಅದರಲ್ಲೇ ಇದೆ. ಫೈಲ್‌ನ ಪ್ರತಿ ಸಾಲಿನ ಕೊನೆಗೆ ಹೊಸ ಸಾಲಿನ ಗುರುತು ಇರುತ್ತೆ, ನಂಬರ್ 10. ಲೂಪ್‌ನಲ್ಲಿ ಸಾಲು ಸಾಲಾಗಿ ಓದುವಾಗ ಅದೂ ಪದದ ಜೊತೆ ಬರುತ್ತೆ. ಕೊನೇ ಸಾಲಿನ ನಂತರ ಎಂಟರ್ ಒತ್ತಿಲ್ಲ, ಅದಕ್ಕೇ ಅದೊಂದು ಸರಿ. ಕೀಬೋರ್ಡ್‌ನಿಂದ ಇನ್‌ಪುಟ್ ಫಂಕ್ಷನ್ ಓದುವಾಗ ಎಂಟರ್ ಅನ್ನ ಅದೇ ಕಿತ್ತುಹಾಕುತ್ತೆ. ಓದಿದ ಸಾಲಿಗೆ ಸ್ಟ್ರಿಪ್ ಕರೆಯಿರಿ, ಅದು ಎರಡು ತುದಿಯ ಸ್ಪೇಸ್, ಹೊಸ ಸಾಲಿನ ಗುರುತು ಕಿತ್ತುಹಾಕುತ್ತೆ.

ಹೊಸದಾಗಿ ಕಲಿಯೋರು ಯಾವತ್ತೂ ಇದನ್ನ ಅಭ್ಯಾಸ ಮಾಡ್ಕೊಳ್ಳಿ: ಸ್ಟ್ರಿಂಗ್ ಮೇಲೆ ಅನುಮಾನ ಬಂದಾಗ ನೇರವಾಗಿ ಪ್ರಿಂಟ್ ಮಾಡಬೇಡಿ, ರೆಪ್ರ್ ಫಂಕ್ಷನ್ ಒಳಗೆ ಹಾಕಿ ಪ್ರಿಂಟ್ ಮಾಡಿ. ಉದ್ಧರಣ ಚಿಹ್ನೆಗಳ ಸಮೇತ ತೋರಿಸುತ್ತೆ, ಹೊಸ ಸಾಲು, ಕೊನೇ ಸ್ಪೇಸ್ ಎಲ್ಲಾ ಬಯಲಾಗುತ್ತೆ.

ಮಳೆಬಿಲ್ಲು
ಸ್ಟ್ರಿಪ್ ಹಾಕಿದ ಮೇಲೆ ಬಹುತೇಕ ಸರಿಹೋಯ್ತು. ಎರಡು ಮೂರು ಪದ ಇನ್ನೂ ಹಠ ಮಾಡ್ತಿವೆ. ವೆಬ್ ಪುಟಗಳಿಂದ ಕಾಪಿ ಮಾಡಿದ್ದು ಅವು. ನಾನೇ ಟೈಪ್ ಮಾಡಿದ್ರೆ ಸರಿ ಬರುತ್ತೆ. ಆರ್ಡ್ ಹಾಕಿ ನೋಡಿದೆ, ಮಧ್ಯದಲ್ಲಿ 8205 ಅಂತ ಒಂದು ನಂಬರ್ ಇದೆ. ಅದು ಯಾವ ಅಕ್ಷರ?

ಚುಕ್ಕಿಗೆರೆ
ಅದು ಅಕ್ಷರವಲ್ಲ, ಕಾಣದ ಜೋಡಣೆ ಗುರುತು. ರ ಮೇಲಿದ್ದು ಯ ಕೆಳಗೆ ಒತ್ತಾಗಿ ಬರಬೇಕಾದಾಗ, ಅರ್ಕಾವತ್ತು ಆಗದಂತೆ ತಡೆಯೋಕೆ ಇದನ್ನ ಹಾಕ್ತಾರೆ. ಅದರ ಅಣ್ಣ 8204, ಒತ್ತಕ್ಷರವೇ ಆಗದಂತೆ ತಡೆಯುತ್ತೆ. ಸಾಫ್ಟ್‌ವೇರ್ ಅಂತ ಬರೆದಾಗ ಟ್ ಕೆಳಗೆ ವ ಒತ್ತಾಗಿ ಇಳಿಯದೆ ಪಕ್ಕದಲ್ಲಿ ನಿಲ್ಲೋದು ಅದರಿಂದಲೇ. ಕನ್ನಡ ಪಠ್ಯದ ಜೊತೆ ಕೆಲಸ ಮಾಡೋರನ್ನ ಇವೆರಡೂ ಕಾಡಿದಷ್ಟು ಬೇರೆ ಯಾವುದೂ ಕಾಡಲ್ಲ. ಹುಡುಕಿದ್ರೆ ಪದ ಸಿಗಲ್ಲ, ಹೋಲಿಸಿದ್ರೆ ಸಮ ಬರಲ್ಲ, ಕಣ್ಣಿಗೆ ಕಾಣೋದೂ ಇಲ್ಲ. ಸ್ಟ್ರಿಪ್ ಇವನ್ನ ತೆಗೆಯಲ್ಲ, ಅದರ ಲೆಕ್ಕದಲ್ಲಿ ಇವು ಸ್ಪೇಸ್ ಅಲ್ಲ.

ನಿಮ್ಮ ಪ್ರೋಗ್ರಾಂಗೆ 8205 ಅನ್ನ ರೀಪ್ಲೇಸ್ ಮಾಡಿ ಮೊದಲೇ ತೆಗೆದುಬಿಡಿ. 8204 ಅನ್ನ ಮೊದಲೇ ತೆಗೆಯಬೇಡಿ, ತೆಗೆದ್ರೆ ಟ್ ಹೋಗಿ ವೇಗೆ ಅಂಟ್ಕೊಳ್ಳುತ್ತೆ. ತುಂಡು ಮಾಡಿದ ಮೇಲೆ ಪ್ರತಿ ತುಂಡಿನಿಂದ ಅದನ್ನ ತೆಗೆಯಿರಿ.

ಇನ್ನೊಂದು ಇದೆ. ಕೋ ಬರೆಯೋಕೆ ಯೂನಿಕೋಡ್‌ನಲ್ಲಿ ಒಂದಕ್ಕಿಂತ ಹೆಚ್ಚು ದಾರಿ. ಓತ್ವಕ್ಕೆ 3275 ಅಂತ ಒಂದೇ ನಂಬರ್ ಇದೆ. 3270, 3266, 3285 ಮೂರನ್ನೂ ಸಾಲಾಗಿಟ್ರೂ ಅದೇ ಓತ್ವ. ಎರಡೂ ಸ್ಕ್ರೀನ್ ಮೇಲೆ ಒಂದೇ, ಹೋಲಿಸಿದ್ರೆ ಬೇರೆ. ಓದಿದ ಕೂಡಲೇ ಯೂನಿಕೋಡ್‌ಡೇಟಾದ ನಾರ್ಮಲೈಸ್ ಫಂಕ್ಷನ್‌ಗೆ ಎನ್‌ಎಫ್‌ಸಿ ಅಂತ ಕೊಟ್ಟು ಪದವನ್ನ ದಾಟಿಸಿದ್ರೆ ಎರಡೂ ಒಂದೇ ರೂಪಕ್ಕೆ ಬರ್ತವೆ. ಬೇರೆ ಬೇರೆ ಕಡೆಯಿಂದ ಬಂದ ಕನ್ನಡ ಪಠ್ಯಕ್ಕೆ ಇದನ್ನ ಕಡ್ಡಾಯ ಅಂತಲೇ ಇಟ್ಕೊಳ್ಳಿ.

ಒತ್ತಕ್ಷರ
ಸುಮ್ಮನೆ ಓದ್ತಾ ಇದ್ದೆ, ಒಂದು ಮಾತು ಹೇಳಬೇಕು ಅನ್ನಿಸ್ತು. ಹೊಸಬರು ಎಷ್ಟೋ ಸಲ ತಪ್ಪು ತಮ್ಮದೇ ಅಂದ್ಕೊಂಡು ಪ್ರಶ್ನೆಯನ್ನ ಕೇಳೋದೇ ಇಲ್ಲ. ಇಲ್ಲಿ ಕೇಳಿದವರ ತರ್ಕದಲ್ಲಿ ದೋಷ ಇರಲಿಲ್ಲ. ಇಂಗ್ಲಿಷ್ ಉದಾಹರಣೆಯ ಮೇಲೆ ಬರೆದ ಪಾಠಗಳು ಒಂದು ಅಕ್ಷರ ಅಂದ್ರೆ ಒಂದು ಕೋಡ್ ಪಾಯಿಂಟ್ ಅಂತ ಹೇಳದೆಯೇ ಹೇಳಿಬಿಡ್ತವೆ. ನಮ್ಮ ಲಿಪಿಯಲ್ಲಿ ಅದು ಮೊದಲ ದಿನವೇ ಮುರಿಯುತ್ತೆ. ಹಾಗಾಗಿ ಕನ್ನಡ ಪದ ಕೊಟ್ಟು ಪರೀಕ್ಷೆ ಮಾಡಿದವರನ್ನ ಮೆಚ್ಚಬೇಕು. ಹಾಗೇ ಕೇಳ್ತಾ ಇರಿ.

ಬಿಟ್‌ಬೈಟ್
ಮೇಲಿನ ಮಾತಿಗೆ ನನ್ನ ಸಹಮತ. ಹೊಸಹೆಜ್ಜೆ ಅವರೇ, ನಿಮ್ಮ ಪ್ರೋಗ್ರಾಂ ಅನ್ನ ಗಟ್ಟಿ ಮಾಡೋಕೆ ಒಂದು ಪರೀಕ್ಷಾ ಪದ ಕೊಡ್ತೀನಿ: ಕ್ತತ್ಕ. ಅರ್ಥ ಏನೂ ಇಲ್ಲ. ಆದ್ರೆ ನಿಮ್ಮ ಮೊದಲ ಎರಡು ಸಾಲಿನ ಕೋಡ್ ಇದಕ್ಕೆ ಹೌದು ಅನ್ನಬೇಕು, ಹೊಸ ಕೋಡ್ ಅಲ್ಲ ಅನ್ನಬೇಕು. ಹಳೆಯದು ಇರೋದನ್ನ ಬಿಟ್ಟುಬಿಡ್ತಿತ್ತು ಅಷ್ಟೇ ಅಂದ್ಕೊಳ್ಳಬೇಡಿ, ಇಲ್ಲದ್ದನ್ನ ಇದೆ ಅಂತಲೂ ಹೇಳ್ತಿತ್ತು.

ಹೊಸಹೆಜ್ಜೆ
ಓಡಿಸಿದೆ. ಹಳೆಯದು ಹೌದು ಅಂತು! ನಂಬರ್ ಬರೆದು ನೋಡಿದೆ: ಕ, ಹಲಂತ, ತ, ತ, ಹಲಂತ, ಕ. ಎರಡೂ ಕಡೆಯಿಂದ ಒಂದೇ. ಹೊಸದು ಕ್ತ, ತ್ಕ ಅಂತ ಒಡೆದು ಅಲ್ಲ ಅಂತು. ಇಂಥ ಪದ ನನಗೆ ಹೊಳೀತಾನೇ ಇರಲಿಲ್ಲ.

ರಾತ್ರಿಪಾಳಿ
ಸಿ ಭಾಷೆಯಲ್ಲಿ ಇದನ್ನೇ ಮಾಡಿದ್ರೆ ಬರೀ ಚೌಕಗಳು, ಪ್ರಶ್ನಾರ್ಥಕ ಚಿಹ್ನೆಗಳು ಬರ್ತವೆ. ಎಸ್‌ಟಿಆರ್‌ಲೆನ್ ಕೊಟ್ಟ ಉದ್ದ ವಿಕಟಕವಿಗೆ 21. ಇದೂ ಇದೇ ತೊಂದರೆನಾ?

ಚುಕ್ಕಿಗೆರೆ
ಅದೇ ತೊಂದರೆ, ಇನ್ನೊಂದು ಮೆಟ್ಟಿಲು ಕೆಳಗೆ. ಕೋಡ್ ಪಾಯಿಂಟ್‌ಗಳನ್ನ ಬೈಟ್‌ಗಳಾಗಿ ಇಡೋ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟ್‌ಗೂ 3 ಬೈಟ್. ಏಳು ಮೂರಲಿ 21. ಎಸ್‌ಟಿಆರ್‌ಲೆನ್ ಎಣಿಸೋದು ಬೈಟ್‌ಗಳನ್ನ. ಬೈಟ್‌ಗಳನ್ನೇ ತಿರುಗಿಸಿದ್ರೆ ಪ್ರತಿ ಮೂರರ ಒಳಗಿನ ಕ್ರಮವೂ ಕೆಟ್ಟು, ಅದು ಯುಟಿಎಫ್-8ಆಗಿಯೇ ಉಳಿಯಲ್ಲ, ಅದಕ್ಕೇ ಚೌಕ. ಮೊದಲು ಬೈಟ್‌ಗಳನ್ನ ಕೋಡ್ ಪಾಯಿಂಟ್‌ಗಳಾಗಿ ಜೋಡಿಸಿ, ಆಮೇಲೆ ಮೇಲೆ ಹೇಳಿದ ಥರ ತುಂಡು ಮಾಡಿ. ಇದೇ ಪದಕ್ಕೆ ಜಾವಾಸ್ಕ್ರಿಪ್ಟ್‌ನ ಲೆಂತ್ 7 ಅನ್ನುತ್ತೆ, ಸ್ವಿಫ್ಟ್‌ನ ಕೌಂಟ್ 5 ಅನ್ನುತ್ತೆ. ಯಾವ ಭಾಷೆ ಹಿಡಿದ್ರೂ ಅದರ ಉದ್ದದ ಫಂಕ್ಷನ್ ಎಣಿಸೋದು ಏನನ್ನ ಅಂತ ಮೊದಲು ಒಂದು ಕನ್ನಡ ಪದ ಕೊಟ್ಟು ನೋಡಿ.

ರಾತ್ರಿಪಾಳಿ
ಅರ್ಥ ಆಯ್ತು ಸರ್. ಬೈಟ್ ಜೋಡಿಸೋ ಭಾಗ ಬರೀತೀನಿ, ಸಿಕ್ಕಿಹಾಕ್ಕೊಂಡ್ರೆ ಕೋಡ್, ಕೊಟ್ಟ ಪದ, ಬಂದ ಉತ್ತರ ಮೂರನ್ನೂ ಹಾಕಿ ಕೇಳ್ತೀನಿ.

ಹೊಸಹೆಜ್ಜೆ
ನನ್ನ ಕಡೆಯಿಂದ ಇದು ಮುಗೀತು, ಪರಿಹಾರ ಆಗಿದೆ ಅಂತ ಗುರುತು ಹಾಕ್ತಿದ್ದೀನಿ. ಮೊದಲು ಹಾಕಿದ ಫೋಟೋ ತೆಗೆದು, ಅಲ್ಲಿ ಪೂರ್ತಿ ಕೋಡ್ ಪಠ್ಯವಾಗಿ ಹಾಕಿದ್ದೀನಿ. ಎನ್‌ಎಫ್‌ಸಿ, 8205 ಎರಡನ್ನೂ ಸೇರಿಸಿದ್ದೀನಿ, ಪರೀಕ್ಷೆಗೆ ಬಳಸಿದ ಪದಗಳೂ ಕೆಳಗಿವೆ. ಮಳೆಬಿಲ್ಲು ಅವರೇ, ನಿಮ್ಮ ಫೈಲ್‌ನ ಹಠ ಮಾಡೋ ಪದಗಳನ್ನ ಇದರಲ್ಲಿ ಓಡಿಸಿ, ಯಾವುದಾದ್ರೂ ತಪ್ಪಿದ್ರೆ ಇಲ್ಲೇ ಹಾಕಿ, ಈ ಸಲ ನಾನೂ ಹುಡುಕ್ತೀನಿ.